ಆಯುಧ ಪೂಜೆಯ ಬೊಟ್ಟು ಮತ್ತು ಅಜ್ಜನ ಕಾಲದ .315 ರೈಫಲ್

ಮಂಡ್ಯದ ಕಬ್ಬಿನಗದ್ದೆ:

ಬಲ್ಲವರಿಗೆ ನಮಸ್ಕಾರ. ನಮ್ಮ ಮನೆಯಲ್ಲಿ .315 ಬೋರಿನ (ಬೋರ್ ಎಂದರೆ ನಳಿಗೆಯ ಒಳ ಅಳತೆ) ಎರಡು ರೈಫಲ್‌ಗಳಿವೆ. ಅಜ್ಜನವರು ಕೊಂಡದ್ದು ಬರ್ಮಿಂಗ್‌ಹ್ಯಾಮ್‌ನ ಬಿ.ಎಸ್.ಎ. ಮುದ್ರೆಯದು, ತಂದೆಯವರು ಕೊಂಡದ್ದು ಬಂಗಾಳದ ಇಛಾಪುರ ಕಾರ್ಖಾನೆಯದು. ಎರಡೂ ತಂದೆಯವರ ಪರವಾನಗಿಯಲ್ಲಿ ನಮೂದಾಗಿವೆ. ಅವರಿಗೀಗ 74 ವರ್ಷ. ಕಳೆದ ಚುನಾವಣೆಯ ವೇಳೆ ಠಾಣೆಯಲ್ಲಿ ಠೇವಣಿ ಇರಿಸಿ, ತಿಂಗಳುಗಳ ನಂತರ ಬಿಡಿಸಿಕೊಂಡು ಬಂದಾಗ ನಳಿಗೆಯ ಮೇಲೆ ತೆಳುವಾದ ಕಂದು ಪೊರೆ ಕಟ್ಟಿತ್ತು. ಅದಾದ ಮೇಲೆ ಆಯುಧ ಪೂಜೆ ಬಂತು. ಪೂಜೆ ಮುಗಿದ ವಾರಕ್ಕೆ ನೋಡಿದರೆ, ತಾಯಿಯವರು ಗಂಧ, ಕುಂಕುಮ ಇಟ್ಟಿದ್ದ ಜಾಗಗಳಲ್ಲೆಲ್ಲ ಬೆರಳ ತುದಿಯಷ್ಟಗಲದ, ಅಚ್ಚು ಒತ್ತಿದಂತಹ ದುಂಡನೆಯ ತುಕ್ಕಿನ ಕಲೆಗಳು. ಇವನ್ನು ತೆಗೆಯುವುದು ಹೇಗೆ? ತಂದೆಯವರು ಮೊದಲಿನಿಂದಲೂ ಕೊಬ್ಬರಿ ಎಣ್ಣೆಯನ್ನೇ ಸವರುತ್ತಾರೆ, ಅದು ಸರಿಯೇ? ಇನ್ನೊಂದು ಮಾತು: ಒಂದೇ ಜಾತಿಯ ರೈಫಲ್‌ಗಳನ್ನು ಜೋಡಿಸಿಡುವ ಆಸೆ ನನಗಿದೆ. ಪರಿಚಿತರೊಬ್ಬರು ಸೇನೆಯ ಬೋರಿನ ಹಳೆಯ .303 ರೈಫಲ್ ಒಂದನ್ನು ಕೊಡಿಸುವೆನೆನ್ನುತ್ತಾರೆ. ಕೊಳ್ಳಬಹುದೇ?

ನಿವೃತ್ತ ಆರ್ಮರರ್, ಮೈಸೂರು:

ಸೇನೆಯಲ್ಲಿದ್ದಷ್ಟು ಕಾಲವೂ ಇದೇ ವಂಶದ ರೈಫಲ್‌ಗಳನ್ನು ಬಿಚ್ಚಿ ಜೋಡಿಸಿದವನು ನಾನು. ನಿಮ್ಮ .315 ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ರೈಫಲಿನ ಮನೆಮಗಳೇ. ಬೋಲ್ಟಿನ (ತೋಟಾವನ್ನು ಒಳಗೆ ತಳ್ಳಿ ನಳಿಗೆಯ ಹಿಂಬದಿಯನ್ನು ಮುಚ್ಚುವ ಸರಳು) ವಿನ್ಯಾಸ ಆ ಸೈನಿಕ ರೈಫಲಿನದೇ, ಸೇನೆಯ .303 ತೋಟಾ ಇದರಲ್ಲಿ ಕೂರದಂತೆ ಬೋರನ್ನು ಮಾತ್ರ ಬೇರೆ ಮಾಡಿದ್ದಾರೆ. ಆದ್ದರಿಂದ ಆ ರೈಫಲಿಗೆ ಹೇಳಿದ ಆರೈಕೆಯೇ ಬಹುಪಾಲು ಇದಕ್ಕೂ ಸಲ್ಲುತ್ತದೆ.

ಮೊದಲು ಕೊಬ್ಬರಿ ಎಣ್ಣೆಯನ್ನು ಅಡುಗೆಮನೆಗೆ ಕಳಿಸಿ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಡಿಸೆಂಬರ್ ಬೆಳಗಿನಲ್ಲಿ ಬೋಲ್ಟ್ ಬಿಗಿದುಕೊಳ್ಳುವುದು ಅದರಿಂದಲೇ. ಕಾಲ ಕಳೆದಂತೆ ಕಮಟು ಹಿಡಿದು ಆಮ್ಲವಾಗಿ, ಕಾಪಾಡಬೇಕಾದ ಉಕ್ಕನ್ನೇ ತಿನ್ನುತ್ತದೆ. ಬಂದೂಕಿನ ಎಣ್ಣೆಯನ್ನು ಬಟ್ಟೆಗೆ ಹಾಕಿಕೊಂಡು ತೆಳ್ಳಗೆ ಒರೆಸಿದರೆ ಸಾಕು.

ಕಲೆಗಳ ಮೇಲೆ ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯಲು ಬಿಡಿ. ಬೆಳಿಗ್ಗೆ ಹಳೆಯ ತಾಮ್ರದ ಕಾಸಿನ ಅಂಚಿನಿಂದ ಮೆಲ್ಲಗೆ ಕೆರೆಯಿರಿ; ತಾಮ್ರ ಉಕ್ಕಿಗಿಂತ ಮೆದುವಾದ್ದರಿಂದ ತುಕ್ಕು ಏಳುತ್ತದೆ, ಉಕ್ಕಿಗೆ ಗೀರು ಬೀಳುವುದಿಲ್ಲ. ಉಪ್ಪುಕಾಗದ ಹಿಡಿದಿರೋ, ಅಜ್ಜನ ಕಾಲದ ಕಪ್ಪು ಮೆರುಗು ಹೋಯಿತೆಂದೇ ತಿಳಿಯಿರಿ. ತುಕ್ಕು ತಿಂದು ಕೆಟ್ಟ ರೈಫಲ್‌ಗಳಷ್ಟೇ, ಹೊಳಪು ಬರಿಸಲು ಹೋಗಿ ಕೆಡಿಸಿದವನ್ನೂ ನಾನು ಕಂಡಿದ್ದೇನೆ.

ಹಳೆಯ ತೋಟಾ ಹಾರಿಸಿದ್ದರೆ ಎಣ್ಣೆಯೊಂದೇ ಸಾಲದು. ಆ ಕಾಲದ ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಸಿಡಿಮದ್ದಿನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಸುಟ್ಟಾಗ ಒಂದು ಬಗೆಯ ಉಪ್ಪು ನಳಿಗೆಯೊಳಗೆ ಉಳಿಯುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಂಡು ತುಕ್ಕು ಹಿಡಿಸುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಅದಕ್ಕೇ ಸೈನ್ಯದಲ್ಲಿ ಆಲಿಕೆ ಇಟ್ಟು ಕುದಿಯುವ ನೀರು ಹೊಯ್ದು, ಒಣಗಿಸಿದ ಮೇಲೆ ಎಣ್ಣೆ ಹಾಕುತ್ತಿದ್ದರು.

ಮರಕ್ಕೆ ಅಗಸೆ ಎಣ್ಣೆ, ಅಂಗೈಯಿಂದಲೇ ತಿಕ್ಕಬೇಕು. ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ; ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹರಡಿ ಒಣಗಿಸಿ.

ಕ್ಯಾನ್ವಾಸ್ ಅಥವಾ ಚರ್ಮದ ಚೀಲದಲ್ಲಿಟ್ಟರೆ ಅದು ಮಳೆಗಾಲದ ತೇವವನ್ನು ಹೀರಿ ಉಕ್ಕಿಗೆ ಒತ್ತಿ ಹಿಡಿಯುತ್ತದೆ. ಬೀರುವಿನಲ್ಲಿ ನಳಿಗೆಯ ಬಾಯಿ ಕೆಳಗಾಗಿ ನಿಲ್ಲಿಸಿ, ಎಣ್ಣೆ ಮರದೊಳಗೆ ಇಳಿಯುವುದಿಲ್ಲ. ಇನ್ನು ಪೂಜೆ ಬಿಡಿ ಎಂದು ಹೇಳಲು ನಾನಾರು? ಬೊಟ್ಟನ್ನು ಮರದ ಹಿಡಿಗೆ ಇಡಲಿ, ಸಂಜೆಯೇ ಒರೆಸಿಬಿಡಿ. ಒದ್ದೆ ಹೂವನ್ನಂತೂ ನಳಿಗೆಯ ಮೇಲೆ ರಾತ್ರಿಯಿಡೀ ಬಿಡಬೇಡಿ.

ಕಾನೂನು ಬಲ್ಲವ, ಮೈಸೂರು:

.303 ವಿಚಾರದಲ್ಲಿ ಸ್ಪಷ್ಟವಾಗಿರೋಣ. ಅದು ನಿಷೇಧಿತ ಬೋರ್. ನಿಮ್ಮ ಈಗಿನ ಪರವಾನಗಿಯ ಮೇಲೆ ಕೊಳ್ಳುವಂತಿಲ್ಲ. ‘ಕಾಗದ ಆಮೇಲೆ ನೋಡೋಣ’ ಎನ್ನುವ ಪರಿಚಿತರಿಂದ ದೂರವಿರಿ. ದುರಸ್ತಿ ಮಾಡಿದರೂ ಬಂದೂಕಾಗಿ ಬಳಸಲಾಗದ ಪುರಾತನ ವಸ್ತುಗಳಿಗೆ 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ವಿನಾಯಿತಿ ಇದೆಯಾದರೂ, ಬೋಲ್ಟ್ ಆಡುವ ರೈಫಲಿಗೆ ಅದು ಅನ್ವಯಿಸದು. ಅದಲ್ಲದೆ, 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರರ ಮಿತಿ ಮೂರರಿಂದ ಎರಡಕ್ಕೆ ಇಳಿದಿದೆ. ನಿಮ್ಮ ತಂದೆಯವರ ಲೆಕ್ಕ ಆಗಲೇ ಭರ್ತಿಯಾಗಿದೆ.

ಮೂರನೆಯದರ ಚಿಂತೆ ಬಿಟ್ಟು ಇರುವ ಎರಡನ್ನು ಉಳಿಸಿಕೊಳ್ಳುವ ದಾರಿ ನೋಡಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಆಯುಧವನ್ನು 25 ವರ್ಷ ಇಟ್ಟುಕೊಂಡಾಗ, ಯಾವುದು ಮೊದಲೋ ಆಗ, ಕಾನೂನುಬದ್ಧ ವಾರಸುದಾರರಿಗೆ ವರ್ಗಾಯಿಸಲು ಅರ್ಜಿ ಹಾಕಬಹುದು. ತಂದೆಯವರು ಇರುವಾಗಲೇ ಅವರ ಸಹಿಯಿಂದ ಅರ್ಜಿ ಹೋದರೆ ಮುಂದೆ ಅಲೆದಾಟ ಕಡಿಮೆ.

ಮಂಡ್ಯದ ಕಬ್ಬಿನಗದ್ದೆ:

ಇಬ್ಬರಿಗೂ ಋಣಿ. .303 ಬೇಡವೆಂದು ಆ ಪರಿಚಿತರಿಗೆ ಹೇಳಿಬಿಟ್ಟೆ. ಆರ್ಮರರ್ ಸರ್, ಎರಡರ ಬೋಲ್ಟ್‌ಗಳನ್ನೂ ಒಟ್ಟಿಗೆ ಬಿಚ್ಚಿ ಒಂದೇ ತಟ್ಟೆಯಲ್ಲಿ ಎಣ್ಣೆಗೆ ಹಾಕಿದ್ದೇನೆ. ಅದರಿಂದ ತೊಂದರೆಯಿಲ್ಲವಷ್ಟೇ?

ನಿವೃತ್ತ ಆರ್ಮರರ್, ಮೈಸೂರು:

ಅಯ್ಯೋ, ಹಾಗೆ ಮಾಡಬಾರದಿತ್ತು! ಬೋಲ್ಟನ್ನು ಆಯಾ ರೈಫಲಿಗೇ ಹೊಂದಿಸಿರುತ್ತಾರೆ. ಅದಲುಬದಲಾದರೆ ತೋಟಾದ ಹಿಂದಿನ ಸಂದು ಹೆಚ್ಚಾಗಿ, ಹಾರಿಸುವಾಗ ತೋಟಾದ ಹಿತ್ತಾಳೆ ಬಿರಿಯುವ ಅಪಾಯವಿದೆ. ಬೋಲ್ಟ್ ಹಿಡಿಯ ಬುಡದಲ್ಲಿ ಒತ್ತಿದ ಸಂಖ್ಯೆಯನ್ನು ರೈಫಲಿನ ಸಂಖ್ಯೆಯೊಂದಿಗೆ ತಾಳೆ ನೋಡಿ. ಬೋಲ್ಟಿನ ತುದಿಯ ತಲೆಗಳನ್ನೂ ತಿರುಚಿ ಬಿಚ್ಚಿದ್ದರೆ ಜೋಡಿಸಲು ಹೋಗಬೇಡಿ. ಪರವಾನಗಿ ಇರುವ ಬಂದೂಕು ರಿಪೇರಿಯವರಲ್ಲಿ ಅಳೆಸಿಕೊಳ್ಳುವವರೆಗೆ ಎರಡರಲ್ಲೂ ಗುಂಡು ಹಾಕಬೇಡಿ.