ಫ್ಲಾರೆನ್ಸ್ ಗುಮ್ಮಟ: ‘ಸಾರುವೆ ಇಲ್ಲದೆ’ಯೋ, ‘ಸೆಂಟ್ರಿಂಗ್ ಇಲ್ಲದೆ’ಯೋ?

ಪ್ರಶ್ನೆ: ಇಟಲಿಯ ಫ್ಲಾರೆನ್ಸಿನ ಸಾಂತಾ ಮಾರಿಯಾ ದೆಲ್ ಫಿಯೊರೆ ಕೆಥೆಡ್ರಲಿನ ಗುಮ್ಮಟವನ್ನು ವಾಸ್ತುಶಿಲ್ಪಿ ಬ್ರುನೆಲ್ಲೆಸ್ಕಿ ‘ಸಾರುವೆ ಕಟ್ಟದೆ’ ಎಬ್ಬಿಸಿದ ಎಂದು ಬರೆದರೆ ಸರಿಯೇ? ‘ಆಸರೆ ಇಲ್ಲದೆ’ ಎನ್ನಬಹುದೇ? ಗುಮ್ಮಟದೊಳಗಿನ ಕಲ್ಲಿನ ‘ಚೈನ್’ ಅನ್ನು ಸರಪಳಿ ಎಂದರೆ ಆದೀತೇ?

ಉತ್ತರ: ‘ಸಾರುವೆ ಕಟ್ಟದೆ’ ಖಂಡಿತ ತಪ್ಪು. ಸಾರುವೆ ಎಂದರೆ ಗಾರೆ ಕೆಲಸದವರು ನಿಲ್ಲುವ ಅಟ್ಟಣೆ. ಕಟ್ಟಡದ ಭಾರ ಅದರ ಮೇಲೆ ಬೀಳುವುದಿಲ್ಲ. ಕಮಾನು ತನ್ನ ಕಾಲ ಮೇಲೆ ನಿಲ್ಲುವ ತನಕ ಇಟ್ಟಿಗೆಯ ಭಾರವನ್ನೇ ಹೊರುವ ಮರದ ಚೌಕಟ್ಟು ಸೆಂಟ್ರಿಂಗ್. ಬ್ರುನೆಲ್ಲೆಸ್ಕಿ ಬಿಟ್ಟದ್ದು ಇದನ್ನು. 1420ರ ಕೆಲಸದ ಕರಾರಿನಲ್ಲೇ ಇದು ಸ್ಪಷ್ಟವಾಗಿದೆ: ‘ಅರ್ಮಾದುರಾ’ (ಸೆಂಟ್ರಿಂಗ್) ಇಲ್ಲದೆ, ಆದರೆ ‘ಪೊಂತಿ’ (ಅಟ್ಟಣೆ) ಹಾಕಿಕೊಂಡು 30 ಬ್ರಾಚ್ಚಾ, ಅಂದರೆ ಸುಮಾರು 17.5 ಮೀಟರ್ ಎತ್ತರದವರೆಗೆ ಕಟ್ಟುವುದು. ಅಲ್ಲಿಂದ ಮೇಲಿನದನ್ನು ಆಗ ತೀರ್ಮಾನಿಸುವುದು, ಮುಂದಿನ ದಾರಿಯನ್ನು ಕೆಲಸವೇ ಕಲಿಸುತ್ತದೆ. (ಇವತ್ತಿನ ಯಾವ ಟೆಂಡರಿನಲ್ಲೂ ಇಂಥ ವಾಕ್ಯಕ್ಕೆ ಜಾಗ ಸಿಗಲಾರದು.) ‘ಆಸರೆ’ ಬಹಳ ಸಡಿಲ ಪದ, ವಾಲಿದ ಗೋಡೆಗೆ ಕೊಡುವ ಕಂಬವೂ ಆಸರೆಯೇ. ನಮ್ಮ ಮೇಸ್ತ್ರಿಗಳು ದಿನವೂ ಆಡುವ ‘ಸೆಂಟ್ರಿಂಗ್’ ಅನ್ನೇ ಇಟ್ಟುಕೊಳ್ಳಿ.

ಅದನ್ನು ಬಿಟ್ಟದ್ದು ಏಕೆ ಎಂಬುದೂ ಓದುಗನಿಗೆ ತಿಳಿಯಬೇಕು. ಎದುರುಬದುರು ಗೋಡೆಗಳ ನಡುವಿನ ತೆರಪು ಸುಮಾರು 42 ಮೀಟರ್, ಅದೂ ನೆಲದಿಂದ 50 ಮೀಟರಿಗೂ ಮೇಲೆ. ಅಷ್ಟು ಉದ್ದಕ್ಕೆ ಜೋಡಿಸಿದ ಮರ ಮೊದಲು ತನ್ನ ಭಾರಕ್ಕೇ ಬಾಗುತ್ತದೆ. ಹೊರೆ ಹೊತ್ತು ವರ್ಷಗಟ್ಟಲೆ ನಿಂತರೆ ಇನ್ನಷ್ಟು ಜಗ್ಗುತ್ತದೆ, ಮೇಲಿನ ಗುಮ್ಮಟದ ಆಕಾರವೂ ಅದರೊಂದಿಗೆ ಕೆಡುತ್ತದೆ. ಕೆಲಸ ನಡೆದದ್ದು 1420ರಿಂದ 1436ರವರೆಗೆ.

ಇಲ್ಲಿ ‘ಗುಮ್ಮಟ’ ಎಂಬ ಪದವೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಕನ್ನಡಿಗರಿಗೆ ಗುಮ್ಮಟ ಎಂದೊಡನೆ ವಿಜಯಪುರದ ಗೋಳಗುಮ್ಮಟ ಕಣ್ಣಿಗೆ ಕಟ್ಟುತ್ತದೆ. ಅದು ದುಂಡು. ದುಂಡು ಗುಮ್ಮಟದಲ್ಲಿ ಒಂದು ವರಸೆ ಸುತ್ತು ಮುಗಿಸಿದರೆ ಇಟ್ಟಿಗೆಗಳು ಒಂದನ್ನೊಂದು ಒತ್ತಿಕೊಂಡು ಬಳೆಯಾಗುತ್ತವೆ, ಒಳಕ್ಕೆ ಜಾರುವುದಿಲ್ಲ. ಫ್ಲಾರೆನ್ಸಿನದು ಎಂಟು ಮುಖದ್ದು, ಮೇಲೆ ಮೊನಚು. ಚಪ್ಪಟೆ ಮುಖದ ನಡುವಿನ ಇಟ್ಟಿಗೆಗೆ ಅಂಥ ಒತ್ತು ತಾನಾಗಿ ಸಿಗದು. ಮೇಲೆ ಹೋದಂತೆ ವರಸೆ ಒಳಕ್ಕೆ ಓರೆಯಾಗುತ್ತದೆ, ತುದಿಯ ಹತ್ತಿರ ಸುಮಾರು 60 ಡಿಗ್ರಿಯಷ್ಟು. ಹಸಿ ಗಾರೆಯ ಮೇಲೆ ಇಟ್ಟಿಗೆ ನಿಲ್ಲುವುದಾದರೂ ಹೇಗೆ?

ಅದಕ್ಕೇ ‘ಸ್ಪೀನಾಪೇಶೆ’, ಅಂದರೆ ಮೀನುಮುಳ್ಳಿನ ಕಟ್ಟು. ಮಲಗಿಸಿದ ಕೆಲವು ಇಟ್ಟಿಗೆಗಳಾದ ಮೇಲೆ ಒಂದನ್ನು ನಿಲ್ಲಿಸಿ ಇಡುತ್ತಾರೆ. ಅದರ ತಲೆ ಮೇಲಿನ ವರಸೆಗಳೊಳಗೆ ಚಾಚಿಕೊಳ್ಳುತ್ತದೆ. ಮುಂದಿನ ವರಸೆಯಲ್ಲಿ ನಿಂತ ಇಟ್ಟಿಗೆ ಒಂದಿಷ್ಟು ಪಕ್ಕಕ್ಕೆ ಸರಿಯುತ್ತದೆ. ಹೀಗೆ ನಿಂತ ಇಟ್ಟಿಗೆಗಳ ಸಾಲು ಓರೆಯಾಗಿ ಸುತ್ತುತ್ತ ಏರುತ್ತದೆ. ಎರಡು ನಿಂತ ಇಟ್ಟಿಗೆಗಳ ನಡುವೆ ಸಿಕ್ಕಿಕೊಂಡ ಮಲಗಿದವು, ಗಾರೆ ಕಚ್ಚುವ ತನಕ ಜಾರಲು ಜಾಗವಿಲ್ಲದೆ ನಿಲ್ಲುತ್ತವೆ. ‘ಹೆರಿಂಗ್‌ಬೋನ್’ ಎಂದು ಬರೆಯುವ ಬದಲು ‘ಮೀನುಮುಳ್ಳು’ ಎನ್ನುವುದೇ ಮೂಲಕ್ಕೆ ಹತ್ತಿರ. ಆದರೆ ಮನೆಯ ನೆಲಕ್ಕೆ ಅಂದಕ್ಕಾಗಿ ಹಾಸುವ ಅದೇ ಹೆಸರಿನ ಟೈಲ್ಸ್ ವಿನ್ಯಾಸ ಇದಲ್ಲ ಎಂದು ಒಂದು ಸಾಲು ಸೇರಿಸಿ.

ಇನ್ನು ಸರಪಳಿ. ಇಟಾಲಿಯನ್ ‘ಕಾತೇನಾ’ಗೆ ಸರಪಳಿ ಎಂಬ ಅರ್ಥವೇನೋ ಇದೆ, ಆದರೆ ಇಲ್ಲಿ ಕೊಂಡಿಗೆ ಕೊಂಡಿ ಸಿಕ್ಕಿಸಿದ್ದು ಏನೂ ಇಲ್ಲ. ಇರುವುದು ಮರಳುಗಲ್ಲಿನ ಉದ್ದ ತೊಲೆಗಳು, ಅವುಗಳನ್ನು ಒಂದಕ್ಕೊಂದು ಹಿಡಿದಿಟ್ಟ ಕಬ್ಬಿಣದ ಹಿಡಿಕೆಗಳು. ಜೊತೆಗೆ ಚೆಸ್ಟ್‌ನಟ್ ಮರದ ಒಂದು ಸುತ್ತು. ಎತ್ತಿನಗಾಡಿಯ ಚಕ್ರಕ್ಕೆ ಬಡಿದ ಪಟ್ಟಿಯಂತೆ, ಹೊರಕ್ಕೆ ಒದೆಯುವ ಬುಡವನ್ನು ಬಿಗಿದು ಹಿಡಿಯುವುದು ಇವುಗಳ ಕೆಲಸ. ‘ಬಿಗಿಪಟ್ಟಿ’ ಸರಿಹೊಂದುತ್ತದೆ. ಆ ಒದೆತವನ್ನು ಇವು ಪೂರ್ತಿ ತಡೆದಿಲ್ಲ. ಒಂದು ಬಿಟ್ಟು ಒಂದರಂತೆ ನಾಲ್ಕು ಮುಖಗಳಲ್ಲಿ ಮೇಲಿಂದ ಕೆಳಕ್ಕೆ ದೊಡ್ಡ ಬಿರುಕುಗಳಿವೆ. ಋತುವಿನ ಬಿಸಿಲು ಚಳಿಗೆ ತಕ್ಕಂತೆ ಅಗಲವಾಗುತ್ತ ಕಿರಿದಾಗುತ್ತ ಇರುತ್ತವೆ.

ಇನ್ನೊಬ್ಬರ ಉತ್ತರ: ‘ಬಿಗಿಪಟ್ಟಿ’ಗೆ ನನ್ನ ಒಪ್ಪಿಗೆ. ‘ರಿಬ್’ ಅನ್ನು, ಅಂದರೆ ಗುಮ್ಮಟದ ಬುಡದಿಂದ ತುದಿಗೆ ಏರುವ ಕಟ್ಟನ್ನು, ಮಾತ್ರ ಎಲ್ಲ ಕಡೆ ‘ಪಕ್ಕೆಲುಬು’ ಮಾಡಬೇಡಿ. ಒಟ್ಟು 24 ಇವೆ. ಮೂಲೆಯ 8ಕ್ಕೆ ‘ಏಣು’ ಸಾಕು, ಹೊರಗಿನಿಂದ ಬಿಳಿಯಾಗಿ ಕಾಣುವುದು ಆ ಮೂಲೆಗಳೇ. ಉಳಿದ 16 ಒಳಚಿಪ್ಪು ಹೊರಚಿಪ್ಪುಗಳ ನಡುವೆ ಅಡಗಿ ಎರಡನ್ನೂ ಹೆಣೆಯುತ್ತವೆ. ಅವಕ್ಕೆ ‘ಒಳಪಕ್ಕೆ’ ಎನ್ನಬಹುದು. ತುದಿಯ ‘ಲ್ಯಾಂಟರ್ನ್’ಗೆ ‘ಕಳಶ’ ಎನ್ನುವ ಆಸೆಯಾಗುತ್ತದೆ, ಬೇಡ. ಕಳಶ ಅಲಂಕಾರ. ಇದು 1446ರಲ್ಲಿ ಶುರುವಾಗಿ, ಬ್ರುನೆಲ್ಲೆಸ್ಕಿ ಸತ್ತ ಮೇಲೆ 1461ರಲ್ಲಿ ಮುಗಿದ ಅಮೃತಶಿಲೆಯ ಮಂಟಪ. ಒಳಕ್ಕೆ ವಾಲಿದ ಏಣುಗಳು ಸೇರುವ ಉಂಗುರದ ಮೇಲೆ ಕೂತು, ತನ್ನ ಭಾರದಿಂದ ಅವುಗಳನ್ನು ಅದುಮಿ ಹಿಡಿದಿದೆ. ಅದರ ಮೇಲೆ 1471ರಲ್ಲಿ ಶಿಲ್ಪಿ ವೆರೊಕ್ಕಿಯೊ ಕೂರಿಸಿದ ತಾಮ್ರದ ಗುಂಡಿಗೆ ಬೇಕಾದರೆ ಕಳಶ ಎನ್ನಿ.