ಅಮೆರಿಕದಿಂದ ತಂದ ಟರ್ನ್‌ಟೇಬಲ್‌ನಲ್ಲಿ ಜಾಝ್ ತೂಕಡಿಸಿದ ಹಾಗೆ ಕೇಳುತ್ತಿದೆ, ವಾಲ್ವ್ ಆಂಪ್ ತಗೋಬೇಕಾ?

ಬಸವನಗುಡಿ_ರೇಡಿಯೋ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಸೋದರಮಾವ ಮೂವತ್ತು ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದಾರೆ. ಹೋದ ವರ್ಷ ಚಿಕ್ಕ ಮನೆಗೆ ಹೋಗುವಾಗ ತಮ್ಮ ಟರ್ನ್‌ಟೇಬಲ್ಲನ್ನೂ 64 ಜಾಝ್ ಎಲ್‌ಪಿಗಳನ್ನೂ ನನಗೆ ಕೊಟ್ಟರು. ಮರದ ತಳ, ದಪ್ಪ ಅಲ್ಯೂಮಿನಿಯಂ ತಟ್ಟೆ, ಬೆಲ್ಟ್‌ನಲ್ಲಿ ತಿರುಗುವ ಎಪ್ಪತ್ತರ ದಶಕದ ಪ್ಲೇಯರ್. ಬಟ್ಟೆಯಲ್ಲಿ ಸುತ್ತಿ ಸುತ್ತಿ ಎರಡು ಟ್ರಿಪ್‌ನಲ್ಲಿ ತಂದೆ, ಒಂದೂ ಒಡೆಯಲಿಲ್ಲ. ಅದು 120 ವೋಲ್ಟ್‌ನದು ಅಂತ ಎಸ್‌ಪಿ ರೋಡಿನಿಂದ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ತಂದು ಹಾಕಿದೆ. ತಿರುಗಿತು. ಹಾಡಿತು. ಆದರೆ ಹಾಡಿದ ರೀತಿ ಸರಿಯಿಲ್ಲ.

ಮೊದಲು ಹಾಕಿದ್ದು ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ'. ಇದೇ ರೆಕಾರ್ಡನ್ನು, ಇದೇ ಪ್ಲೇಯರ್‌ನಲ್ಲಿ, ಮಾವನ ಮನೆಯಲ್ಲಿ ರಾತ್ರಿ ಊಟ ಆದಮೇಲೆ ಎಷ್ಟೋ ಸಲ ಕೇಳಿದ್ದೇನೆ. ಇಲ್ಲಿ ಟ್ರಂಪೆಟ್ ಗಂಟಲು ಕಟ್ಟಿದ ಹಾಗಿದೆ. ಪಾಲ್ ಚೇಂಬರ್ಸ್‌ನ ಬಾಸ್ ಕಾಲೆಳೆದುಕೊಂಡು ನಡೆಯುತ್ತದೆ. ಜಿಮ್ಮಿ ಕಾಬ್ ಆ ಸಿಂಬಲ್ ಹೊಡೆಯುವ ಜಾಗ ಇದೆಯಲ್ಲ, ಮೈ ಜುಮ್ ಅನ್ನಬೇಕು, ಅದು ತಗಡು ತಟ್ಟಿದ ಹಾಗೆ ಬರುತ್ತದೆ.

ರಿಪೇರಿಯವರನ್ನು ಕರೆಸಿದೆ. ಹೊಸ ಬೆಲ್ಟ್ ಹಾಕಿದರು. ಮಾವನ ಪೆಟ್ಟಿಗೆಯಲ್ಲೇ ಇದ್ದ ಸ್ಟ್ರೋಬ್ ಡಿಸ್ಕ್ (ವೇಗ ನೋಡುವ ಗೆರೆಗಳಿರುವ ಬಿಲ್ಲೆ) ಇಟ್ಟು ಟ್ಯೂಬ್‌ಲೈಟ್ ಕೆಳಗೆ ನೋಡಿದರೆ 33ರ (ನಿಮಿಷಕ್ಕೆ 33 ಸುತ್ತಿನ) ಗೆರೆಗಳು ಅಲ್ಲಾಡದೆ ನಿಂತಿದ್ದವು. "ಸ್ಪೀಡ್ ಪರ್ಫೆಕ್ಟ್ ಸಾರ್, ನಿಮ್ಮ ಆಂಪ್ ಸೋತಿದೆ, ವಾಲ್ವ್ ಆಂಪ್ ಹಾಕಿ, ಜಾಝ್‌ಗೆ ಅದೇ ಸರಿ" ಅಂದರು. ನೋಡಿದ್ದು ಗಾಜಿನ ವಾಲ್ವ್‌ಗಳಿರುವ, ಹಳೇ ಕಾಲದ ಥರ ಮಾಡಿರುವ ಹೊಸ ಮಾಡೆಲ್ ಆಂಪ್ಲಿಫೈಯರ್, 70 ಸಾವಿರ. ಚೆನ್ನಾಗಿಯೇ ಇದೆ. ಆದರೆ ಅಷ್ಟು ದುಡ್ಡು ಹಾಕುವ ಮುಂಚೆ ಕೇಳೋಣ ಅಂತ. ತೊಂದರೆ ಆಂಪ್‌ನದಾ, ರೆಕಾರ್ಡ್ ಸವೆದಿದೆಯಾ? ಸವೆದಿದ್ದರೆ ಹೊಸ ಪ್ರೆಸ್ಸಿಂಗ್ (ಹೊಸದಾಗಿ ಅಚ್ಚೊತ್ತಿದ ರೆಕಾರ್ಡ್) ತಗೊಳ್ಳುವುದು ಒಳ್ಳೇದಾ?

ಬಿಳಿ_ಎರಡು

ಏನನ್ನೂ ಕೊಳ್ಳಬೇಡಿ, ಒಂದು ದಿನ ತಡೀರಿ. ಮನೆಯಲ್ಲಿ ಹಾರ್ಮೋನಿಯಂ ಇದೆಯಾ? ಅದೇ ರೆಕಾರ್ಡಿನ ಮೊದಲ ಹಾಡು 'ಸೋ ವಾಟ್' ಹಾಕಿ ಷಡ್ಜ ಹಿಡಿದು ನೋಡಿ. ಅದು ಡಿ, ಅಂದರೆ ಬಿಳಿ ಎರಡು. ಅಲ್ಲಿ ಸ ಇಟ್ಟರೆ ನಮ್ಮ ಖರಹರಪ್ರಿಯದ ಸ್ವರಗಳೇ ಸಿಗುತ್ತವೆ, ಹಿಂದುಸ್ತಾನಿಯವರು ಕಾಫಿ ಥಾಟ್ ಅಂತಾರೆ. 16 ಬಾರ್ (ನಮ್ಮ ತಾಳದ ಆವರ್ತದ ಹಾಗೆ) ಅಲ್ಲೇ ಇರುತ್ತಾರೆ, 8 ಬಾರ್ ಅರ್ಧ ಮನೆ ಮೇಲೆ ಹೋಗುತ್ತಾರೆ, ಮತ್ತೆ 8 ಬಾರ್‌ಗೆ ವಾಪಸ್ ಬರುತ್ತಾರೆ. ನಾನು ಹಿಂದುಸ್ತಾನಿ ಕಲಿತವಳು, ಜಾಝ್ ನನಗೆ ಕಿವಿಗೆ ಬಿದ್ದದ್ದೇ ಈ ಹಾಡಿನಿಂದ. ಆ ಅರ್ಧ ಮನೆ ಏರುವ ಕ್ಷಣಕ್ಕೆ ಈಗಲೂ ಕಾಯುತ್ತೇನೆ.

ಇನ್ನೊಂದು, ತಟ್ಟೆಯ ಅಂಚಿಗೆ ಒಂದು ಕಾಗದದ ಚೂರು ಅಂಟಿಸಿ ಒಂದು ನಿಮಿಷ ಸುತ್ತು ಎಣಿಸಿ. ಡಿಸ್ಕ್ ನೋಡಬೇಡಿ, ಎಣಿಸಿ.

ಬಸವನಗುಡಿ_ರೇಡಿಯೋ

ಮೂರು ಸಲ ಎಣಿಸಿದೆ. ಮೂರು ಸಲವೂ 28ಕ್ಕೆ ಚೂರು ಕಮ್ಮಿ! ಅಮ್ಮನ ಹಾರ್ಮೋನಿಯಂ ತೆಗೆದರೆ ಷಡ್ಜ ಸಿಗುವುದು ಬಿಳಿ ಏಳರ ಹತ್ತಿರ. 45ಕ್ಕೆ ಹಾಕಿ ನೋಡಿದೆ, ಎಲ್ಲರೂ ಬಸ್ ಹಿಡಿಯಲು ಓಡುತ್ತಿರುವ ಹಾಗಾಯಿತು. ಆದರೆ ಡಿಸ್ಕ್‌ನ ಗೆರೆ ನಿಂತೇ ಇದೆಯಲ್ಲ, ಅದು ಹೇಗೆ?

ಪೀಣ್ಯ_ಲೇತ್

ಡಿಸ್ಕ್ ಸುಳ್ಳು ಹೇಳಿಲ್ಲ. ಅದು ಅಮೆರಿಕದ ಡಿಸ್ಕ್.

ನಿಮ್ಮದು ಎಸಿ ಸಿಂಕ್ರೋನಸ್ ಮೋಟಾರ್. ಅದರ ವೇಗ ವೋಲ್ಟೇಜ್ ಮೇಲಲ್ಲ, ಕರೆಂಟಿನ ಫ್ರೀಕ್ವೆನ್ಸಿ ಮೇಲೆ ನಿಂತಿರುತ್ತದೆ. ಅಲ್ಲಿ 60 ಹರ್ಟ್ಝ್, ನಮ್ಮಲ್ಲಿ 50. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಫ್ರೀಕ್ವೆನ್ಸಿ ಮುಟ್ಟುವುದಿಲ್ಲ. ಹಾಗಾಗಿ ಆರರಲ್ಲಿ ಐದು ಭಾಗ ವೇಗ, 33.3 ಹೋಗಿ 27.8. 45ಕ್ಕೆ ಹಾಕಿದರೆ 37.5, ಅದು ಜಾಸ್ತಿ. ಟ್ಯೂಬ್‌ಲೈಟ್ ಅಲ್ಲಿ ಸೆಕೆಂಡಿಗೆ 120 ಸಲ ಮಿನುಗುತ್ತದೆ, ಅದಕ್ಕೆ ತಕ್ಕಂತೆ ಅವರ ಡಿಸ್ಕ್‌ನಲ್ಲಿ 33ರ ಸಾಲಿಗೆ 216 ಗೆರೆ. ಇಲ್ಲಿ 100 ಸಲ ಮಿನುಗುತ್ತದೆ, ನಮಗೆ 180 ಗೆರೆ ಇರುವ ಡಿಸ್ಕ್ ಬೇಕು. ಮೋಟಾರೂ ಲೈಟೂ ಒಂದೇ ಲೆಕ್ಕದಲ್ಲಿ ನಿಧಾನ ಆಗಿರುವುದರಿಂದ 216ರ ಗೆರೆಗಳು 27.8ರಲ್ಲೇ ನಿಂತ ಹಾಗೆ ಕಾಣುತ್ತವೆ. ಬಂದ ರಿಪೇರಿಯವರನ್ನು ಬೈಯಬೇಡಿ, ಕಣ್ಣಿಗೆ ಕಂಡದ್ದನ್ನೇ ಹೇಳಿದ್ದಾರೆ.

ಆಂಪ್ ಕೂಡ ಸೋತಿಲ್ಲ. ಎಲ್‌ಪಿ ಕೊರೆಯುವಾಗ ಬಾಸ್ ತಗ್ಗಿಸಿ ಮೇಲಿನ ಸ್ವರ ಎತ್ತಿರುತ್ತಾರೆ, ಆಂಪ್‌ನ ಫೋನೋ ಭಾಗ ಅದನ್ನು ಉಲ್ಟಾ ಮಾಡಿ ಸರಿ ಮಾಡುತ್ತದೆ. ತಟ್ಟೆ ನಿಧಾನ ಆದರೆ ಸ್ವರಗಳೆಲ್ಲ ಕೆಳಗೆ ಜಾರುತ್ತವೆ, ಆಂಪ್ ಮಾತ್ರ ಹಳೇ ಜಾಗದಲ್ಲೇ ಸರಿ ಮಾಡುತ್ತಿರುತ್ತದೆ. ಸಿಂಬಲ್ ತಗಡಾಗಲು ಅದೂ ಒಂದು ಕಾರಣ ಇರಬಹುದು.

ಪರಿಹಾರ ಸುಲಭ. ಮೋಟಾರ್ ಶಾಫ್ಟ್ ಮೇಲಿನ ಪುಲ್ಲಿ ದೊಡ್ಡದಾಗಬೇಕು. ನಿಮ್ಮ ಮಾಡೆಲ್‌ಗೆ 50 ಹರ್ಟ್ಝ್ ಪುಲ್ಲಿ ಸಿಕ್ಕರೆ ತರಿಸಿ, ಇಲ್ಲದಿದ್ದರೆ ಹಿತ್ತಾಳೆಯಲ್ಲಿ ಲೇತ್ ಮೇಲೆ ಮಾಡಿಸಿ. ಎಷ್ಟೋ ಜನ ಒಂದು ತಪ್ಪು ಮಾಡುತ್ತಾರೆ, ಅಳತೆಯನ್ನು ಸುಮ್ನೆ 1.2ರಿಂದ ಗುಣಿಸಿ ಬಿಡುತ್ತಾರೆ. ಬೆಲ್ಟ್‌ನ ದಪ್ಪವೂ ಲೆಕ್ಕಕ್ಕೆ ಬರಬೇಕು. ಪುಲ್ಲಿ 9 ಮಿ.ಮೀ., ಬೆಲ್ಟ್ 0.6 ಅಂತಿಟ್ಟುಕೊಳ್ಳಿ. ಕೂಡಿಸಿದರೆ 9.6, ಅದಕ್ಕೆ 1.2 ಹಾಕಿದರೆ 11.52, ಅದರಲ್ಲಿ ಮತ್ತೆ 0.6 ಕಳೆದರೆ 10.92. ಸುಮ್ನೆ ಗುಣಿಸಿದರೆ 10.8 ಬರುತ್ತದೆ, ಆಗ ನೂರಕ್ಕೆ ಒಂದು ಭಾಗ ನಿಧಾನವೇ ಉಳಿಯುತ್ತದೆ. ನಿಮ್ಮ ಅಳತೆ ಬೇರೆ ಇರಬಹುದು, ಕ್ಯಾಲಿಪರ್‌ನಲ್ಲಿ ನೋಡಿ. 45ರ ಮೆಟ್ಟಿಲನ್ನೂ ಹಾಗೇ ಮಾಡಿಸಿ. ಶಾಫ್ಟ್‌ನ ತೂತು ನಡುಮಧ್ಯಕ್ಕೆ ಬರಬೇಕು, ಕೂದಲೆಳೆ ಆಚೀಚೆ ಆದರೂ ಪಿಯಾನೋ ಅಲುಗುತ್ತದೆ. ವೇಗ ನೋಡುವಾಗ ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ಹಾಕಿ, ಎಷ್ಟೋ ಎಲ್‌ಇಡಿಗಳು ಆ ಲೆಕ್ಕಕ್ಕೆ ಮಿನುಗುವುದಿಲ್ಲ.

ಎಡಿಸನ್_ಕನ್ನಡಿಗ

ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ. ಆ 64ರಲ್ಲಿ ಒಂದನ್ನೂ ಹೊಸದಕ್ಕೆ ಬದಲಾಯಿಸುವ ಯೋಚನೆ ಈಗಲೇ ಮಾಡಬೇಡಿ. ನಿಮ್ಮ ಮಾವ ಇದ್ದದ್ದು ಎಂಥ ಊರು ಗೊತ್ತಾ! ರೂಡಿ ವ್ಯಾನ್ ಗೆಲ್ಡರ್ ಹಗಲು ಕಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿದ್ದವರು, ಬಿಡುವಾದಾಗ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ತಮ್ಮ ಅಪ್ಪ ಅಮ್ಮನ ಮನೆಯ ಹಾಲ್‌ನಲ್ಲೇ ರೆಕಾರ್ಡಿಂಗ್ ಮಾಡುತ್ತಿದ್ದರು. ಜಾನ್ ಕೋಲ್ಟ್ರೇನ್‌ನ 'ಬ್ಲೂ ಟ್ರೇನ್' 1957ರಲ್ಲಿ ಆ ಹಾಲ್‌ನಲ್ಲೇ ಆದದ್ದು. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ದೊಡ್ಡ ಸ್ಟುಡಿಯೋ ಕಟ್ಟಿದರು.

ಅವರು ರೆಕಾರ್ಡಿಂಗ್ ಮಾಡಿಕೊಡುತ್ತಿದ್ದ ಬ್ಲೂ ನೋಟ್ ಅನ್ನುವ ಜಾಝ್ ಕಂಪನಿಯ ರೆಕಾರ್ಡುಗಳಿದ್ದರೆ ತೆಗೆದು ಕಿಟಕಿ ಬೆಳಕಿಗೆ ಓರೆ ಹಿಡಿಯಿರಿ. ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಖಾಲಿ ಕಪ್ಪು ಪಟ್ಟಿ ಇರುತ್ತದಲ್ಲ, ಡೆಡ್ ವ್ಯಾಕ್ಸ್ ಅಂತಾರೆ, ಅಲ್ಲಿ ಆರ್‌ವಿಜಿ ಅಥವಾ ವ್ಯಾನ್ ಗೆಲ್ಡರ್ ಅಂತ ಇದೆಯಾ ನೋಡಿ. ಇದ್ದರೆ ಆ ಗೆರೆಯನ್ನು ಕೊರೆದವರು ಅವರೇ. ಪಕ್ಕದಲ್ಲಿ ಪುಟ್ಟ ಕಿವಿಯಂಥ ಗುರುತು ಕಂಡರೆ ಕುಣಿದಾಡಿ. ಅದು ಪ್ಲಾಸ್ಟಿಲೈಟ್ ಕಾರ್ಖಾನೆಯ 'ಪಿ' ಅಕ್ಷರ, ಬ್ಲೂ ನೋಟನ್ನು ಲಿಬರ್ಟಿ ಕಂಪನಿ ಕೊಂಡ ಅರವತ್ತರ ದಶಕದ ನಡುವಿನ ಕಾಲದವರೆಗಿನ ಪ್ರೆಸ್ಸಿಂಗ್. ಕಿವಿ ಇಲ್ಲ ಅಂತ ಬೇಜಾರಾಗಬೇಡಿ. ನನ್ನ ಹತ್ತಿರ ಇರುವುದು ಬಹುತೇಕ ಕಿವಿ ಇಲ್ಲದವೇ, ಆರ್‌ವಿಜಿ ಇದ್ದರೆ ಸಾಕು, ಲೀ ಮೋರ್ಗನ್‌ನ ಟ್ರಂಪೆಟ್ ಎದುರಿಗೆ ಬಂದು ನಿಲ್ಲುತ್ತದೆ.

ಆ 70 ಸಾವಿರದಲ್ಲಿ ಒಂದು ಹೊಸ ಸ್ಟೈಲಸ್ (ರೆಕಾರ್ಡ್ ಮೇಲೆ ಓಡುವ ಮುಳ್ಳು) ತಗೊಳ್ಳಿ, ಉಳಿದದ್ದು ಹಾಗೇ ಇರಲಿ. ಮಾವ ಮುಳ್ಳು ಯಾವಾಗ ಬದಲಾಯಿಸಿದರು ಅಂತ ಕೇಳಿ. ಸವೆದ ಮುಳ್ಳು ಪ್ರತಿ ಸಲವೂ ರೆಕಾರ್ಡನ್ನು ಕೆರೆಯುತ್ತದೆ, ಹಾಳಾದ ಗೆರೆ ಮತ್ತೆ ಸರಿಯಾಗುವುದಿಲ್ಲ.

ಕುಡ್ಲದ_ಮಳೆ

ವಾಲ್ವ್ ಆಂಪ್ ಬಗ್ಗೆ ನನಗೆ ವಿರೋಧ ಇಲ್ಲ, ನನ್ನ ಹತ್ತಿರವೂ ಒಂದಿದೆ, ಸಂಜೆ ಹೊತ್ತು ಆ ಕೆಂಪು ಬೆಳಕು ನೋಡುವುದೇ ಒಂದು ಸಂತೋಷ. ಆದರೆ ಅದು ಕೊನೆಗೆ. ಮೊದಲು ರೆಕಾರ್ಡ್ ತೊಳೆಯಿರಿ. ಡಿಸ್ಟಿಲ್ಡ್ ವಾಟರ್, ಒಂದೆರಡು ಹನಿ ಸೌಮ್ಯ ಸೋಪು, ಮೆತ್ತಗಿನ ಬ್ರಷ್, ಗೆರೆಯ ಗುಂಟ ತಿರುಗಿಸಿ ತೊಳೆದು ಮತ್ತೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಜಾಲಿಸಿ. ಲೇಬಲ್ ನೆನೆಯಬಾರದು. ಒಳಗಿನ ಹಳೇ ಕಾಗದದ ಕವರ್‌ಗಳನ್ನು ಬದಲಾಯಿಸಿ, ನಮ್ಮಲ್ಲಿ ಮಳೆಗಾಲದಲ್ಲಿ ಬೂಷ್ಟು ಶುರುವಾಗುವುದೇ ಅಲ್ಲಿಂದ. ರೆಕಾರ್ಡನ್ನು ನೆಟ್ಟಗೆ ನಿಲ್ಲಿಸಿಡಿ, ಮಲಗಿಸಬೇಡಿ.

ಇದು ಸುಮ್ನೆ ಒಂದು ಆಸೆ. ಎಲ್ಲಾದರೂ ಚಾರ್ಲಿ ಮರಿಯಾನೊ ಅವರ 'ಜ್ಯೋತಿ' ಸಿಕ್ಕರೆ ಬಿಡಬೇಡಿ, ಇಸಿಎಂ ಕಂಪನಿಯ 1983ರ ರೆಕಾರ್ಡ್. ಬಾಸ್ಟನ್ನಿನ ಸ್ಯಾಕ್ಸೊಫೋನ್ ವಾದಕ, ಜೊತೆಗೆ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಟಿ.ಎ.ಎಸ್. ಮಣಿಯವರ ಮೃದಂಗ, ಆರ್.ಎ. ರಮಾಮಣಿಯವರ ಗಾಯನ. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಕೇಳಿ ಬೆಳೆದ ನನಗೆ, ಅದೇ ವಾದ್ಯ ಆ ಕಡೆಯಿಂದ ನಮ್ಮ ಕಡೆಗೆ ನಡೆದು ಬಂದ ಹಾಗೆ ಅನ್ನಿಸಿತ್ತು.

ಬಸವನಗುಡಿ_ರೇಡಿಯೋ

ಮೂರು ವಾರ ಆಯಿತು. ಪುಲ್ಲಿ ಮಾಡಿಸಿದೆ, ಹೊಸ ಮುಳ್ಳು ಹಾಕಿದೆ, ಹನ್ನೆರಡು ರೆಕಾರ್ಡ್ ತೊಳೆದೆ. 180 ಗೆರೆಯ ಡಿಸ್ಕ್ ನಿಂತಿದೆ, ಎಣಿಸಿದರೂ ಸರಿ ಇದೆ. ಮೂರು ಬ್ಲೂ ನೋಟ್‌ಗಳಲ್ಲಿ ಆರ್‌ವಿಜಿ ಸಿಕ್ಕಿತು, ಒಂದರಲ್ಲಿ ಕಿವಿ! ಮಾವನಿಗೆ ಫೋಟೋ ಕಳಿಸಿದರೆ, ಎರಡು ಡಾಲರ್‌ಗೆ ತಂದಿದ್ದೆ ಕಣೋ ಅಂದರು.

ಆದರೆ ಒಂದು ವಿಚಿತ್ರ. 'ಕೈಂಡ್ ಆಫ್ ಬ್ಲೂ' ಎರಡನೇ ಸೈಡ್ ಹಾರ್ಮೋನಿಯಂಗೆ ಸರಿಯಾಗಿ ಕೂರುತ್ತದೆ, 'ಆಲ್ ಬ್ಲೂಸ್' ಬಿಳಿ ಐದಕ್ಕೆ. ಮೊದಲ ಸೈಡ್ ಮಾತ್ರ ಬಿಳಿ ಎರಡಕ್ಕಿಂತ ಒಂದು ಚೂರು ಮೇಲೆ. ಪುಲ್ಲಿ ತಪ್ಪಿದ್ದರೆ ಎರಡೂ ಸೈಡ್ ತಪ್ಪಬೇಕಲ್ವಾ?

ಬಿಳಿ_ಎರಡು

ಅದು ನಿಮ್ಮ ಪುಲ್ಲಿಯದಲ್ಲ, 1959ರ ಮಾರ್ಚ್ 2ರದು! ಅವತ್ತು ನ್ಯೂಯಾರ್ಕ್ ಸ್ಟುಡಿಯೋದಲ್ಲಿ ಮುಖ್ಯ ಟೇಪ್ ಮೆಷಿನ್ ಸ್ವಲ್ಪ ನಿಧಾನ ಓಡುತ್ತಿತ್ತು. ನಿಧಾನವಾಗಿ ಹಿಡಿದದ್ದನ್ನು ಸರಿ ವೇಗದಲ್ಲಿ ಹಾಕಿದರೆ ಶ್ರುತಿ ಏರುತ್ತದೆ. ಮೊದಲ ಸೈಡಿನ ಮೂರೂ ಆ ದಿನದವು, ಎರಡನೇ ಸೈಡ್ ಏಪ್ರಿಲ್ 22ರದು. 1992ರಲ್ಲಿ ಇನ್ನೊಂದು ಮೆಷಿನ್‌ನ ಟೇಪ್ ಬಳಸಿ ಸರಿ ಮಾಡಿದರು. ನಿಮ್ಮ ಮಾವನದು ಅದಕ್ಕಿಂತ ಮುಂಚಿನ ಪ್ರೆಸ್ಸಿಂಗ್. ಅಂದರೆ ನಿಮ್ಮ ಪ್ಲೇಯರ್ ಈಗ ಅಷ್ಟು ಸರಿಯಾಗಿ ಹಾಡುತ್ತಿದೆ.

ಬಸವನಗುಡಿ_ರೇಡಿಯೋ

ಅಮ್ಮನಿಗೆ ಇದನ್ನು ಓದಿ ಹೇಳಿದೆ. ಹಾರ್ಮೋನಿಯಂ ಪಕ್ಕಕ್ಕಿಟ್ಟು, ಮೊದಲ ಸೈಡ್ ಇನ್ನೊಂದು ಸಲ ಹಾಕು ಅಂದರು.