ಮೂಸಿ ನೋಡಿದ ಮೂಸ್

"ಮೂಸ್ ಮಾಡಿದೀನಿ ಬಾ ಅಂದೆ. ಇದರಲ್ಲಿ ಮೂಸೋಕೂ ಏನೂ ಉಳಿದಿಲ್ಲವಲ್ಲೋ!"

ಗುಂಡ ಹೀಗೆ ಅಂದಾಗ ನನ್ನ ಕೈಯಲ್ಲಿ ಮೀನಿನ ಆಕಾರದ ಅಚ್ಚು ಇತ್ತು. ಅದರೊಳಗಿಂದ ಇಳಿದ ಮೀನಿನ ಮೂಸ್, ಅಂದರೆ ಆಕಾರ ಬಿಡದೆ ನಿಂತು ಬಾಯಲ್ಲಿ ಮಾತ್ರ ಕರಗಬೇಕಾದ ಮೆತ್ತನೆಯ ತಿನಿಸು, ತಟ್ಟೆಯ ತುಂಬ ಹರಡಿಕೊಂಡು ಕೆರೆಯಾಗಿತ್ತು. ತಿಳಿಗುಲಾಬಿ ಬಣ್ಣದ ಕೆರೆ. ತಲೆ ಎಲ್ಲಿ, ಬಾಲ ಎಲ್ಲಿ ಅಂತ ಗೊತ್ತಾಗುತ್ತಿರಲಿಲ್ಲ. ಕಣ್ಣಿಗೆ ಅಂತ ಇಟ್ಟಿದ್ದ ಆಲಿವ್ ಚೂರು ಒಂದೇ ಮೇಲೆ ತೇಲುತ್ತಾ ನನ್ನನ್ನು ದಿಟ್ಟಿಸುತ್ತಿತ್ತು.

"ನೀನು ಸುಮ್ನಿರೋ" ಎಂದು ಅಕ್ಕ ಗುಂಡನನ್ನು ಗದರಿದರು. ನಮ್ಮ ಗುಂಪಿಗೆಲ್ಲ ಅವರು ಅಕ್ಕನೇ. ಅವರ ಕೈಯಡುಗೆ ಕೆಟ್ಟದ್ದನ್ನು ನಾವು ಯಾರೂ ನೋಡಿಲ್ಲ. ಅದೇ ಅವರ ಬಗ್ಗೆ ನನಗಿರುವ ಒಂದೇ ಸಿಟ್ಟು. "ಏನೇನು ಹಾಕಿದೆ, ಒಂದೊಂದಾಗಿ ಹೇಳಪ್ಪ."

ನಾನು ಸಿಕ್ಕಿಬಿದ್ದ ಕಳ್ಳನ ಹಾಗೆ ಒಪ್ಪಿಸತೊಡಗಿದೆ. ಬೇಯಿಸಿ ನುಣ್ಣಗೆ ಅರೆದ ಸಾಲ್ಮನ್. ನೊರೆ ಬರಿಸಿದ ಕ್ರೀಮ್. ಕರಗಿಸಿದ ಜೆಲಟಿನ್. "ಆಮೇಲೆ... ಸ್ವಲ್ಪ ಹೊಸತನ ಇರಲಿ ಅಂತ ಒಂದಿಷ್ಟು ಹಸಿ ಅನಾನಸ್."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅವರು ವರ್ಷಗಟ್ಟಲೆ ಕೆಮಿಸ್ಟ್ರಿ ಹೇಳಿಕೊಟ್ಟವರು. ಕನ್ನಡಕಕ್ಕೆ ಕೈ ಹೋಯಿತು ಅಂದರೆ ಪಾಠ ಶುರು.

"ಜೆಲಟಿನ್ ಅಂದ್ರೆ ಪ್ರೋಟೀನ್ ಕಣಯ್ಯಾ. ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯೋದು. ಉದ್ದುದ್ದ ದಾರ ಇದ್ದ ಹಾಗೆ. ತಣ್ಣಗಾದಾಗ ಆ ದಾರಗಳು ಒಂದಕ್ಕೊಂದು ಹೆಣೆದುಕೊಂಡು ಬಲೆ ಆಗುತ್ತೆ, ನೀರು ಅದರೊಳಗೆ ಸಿಕ್ಕಿಕೊಳ್ಳುತ್ತೆ. ಹಸಿ ಅನಾನಸಲ್ಲಿ ಬ್ರೊಮೆಲಿನ್ ಅಂತ ಕಿಣ್ವ ಇದೆ. ಅದು ಕತ್ತರಿ. ನೀನು ಬಲೆಯನ್ನೂ ಬೀಸಿ, ಒಳಗೊಂದು ಕತ್ತರಿಯನ್ನೂ ಬಿಟ್ಟೆ."

"ಅಂದ್ರೆ ಮೀನು ಬಲೆ ಹರ್ಕೊಂಡು ಓಡಿಹೋಯ್ತು ಅನ್ನಿ!" ಗುಂಡನಿಗೆ ಎಲ್ಲಿಲ್ಲದ ಖುಷಿ.

"ಪಪ್ಪಾಯಿ, ಕಿವಿ ಹಣ್ಣು, ಹಸಿ ಶುಂಠಿ ಹಾಕಿದ್ರೂ ಇದೇ ಗತಿ. ಡಬ್ಬಿಯ ಅನಾನಸ್ ಆಗಿದ್ರೆ ಪರವಾಗಿರಲಿಲ್ಲ. ಅದನ್ನ ಬಿಸಿ ಮಾಡಿರ್ತಾರೆ, ಕತ್ತರಿ ಮೊಂಡಾಗಿರುತ್ತೆ. ಅದಿರಲಿ, ಜೆಲಟಿನ್ ಹೇಗೆ ಕರಗಿಸಿದೆ?"

"ಕುದಿಸಿದೆ. ಚೆನ್ನಾಗಿ ಕುದಿಸಿದೆ."

ಮೇಷ್ಟ್ರು ಕನ್ನಡಕವನ್ನು ಇನ್ನೊಂದು ಸಲ ಒರೆಸಿದರು. ಈ ಸಲ ಅಕ್ಕನೇ ಮಾತಾಡಿದರು. ಜೆಲಟಿನ್ ಪುಡಿಯನ್ನು ಮೊದಲು ತಣ್ಣೀರಲ್ಲಿ ಐದು ನಿಮಿಷ ನೆನೆಸಬೇಕಂತೆ. ಉಬ್ಬಿಕೊಂಡ ಮೇಲೆ ತಿಳಿಯಾಗುವಷ್ಟು ಮಾತ್ರ ಬಿಸಿ. ಕುದಿಸಿದರೆ ಅದರ ಶಕ್ತಿ ಕುಂದುತ್ತದೆ. ಸುಮಾರು 7 ಗ್ರಾಂ ಪುಡಿ ಅರ್ಧ ಲೀಟರಿನಷ್ಟಕ್ಕೆ ಸಾಕು. ಜಾಸ್ತಿ ಹಾಕಿದರೆ ಬಾಯಲ್ಲಿ ಕರಗುವುದಿಲ್ಲ, ಪುಟಿಯುತ್ತದೆ. ಬಿಸಿಬಿಸಿಯಾಗಿ ಸುರಿದರೆ ಕ್ರೀಮಿನ ನೊರೆ ಇಳಿದುಹೋಗುತ್ತದೆ, ತೀರಾ ತಣ್ಣಗಾಗಲು ಬಿಟ್ಟರೆ ಎಳೆ ಎಳೆಯಾಗಿ ಗಂಟು ಕಟ್ಟುತ್ತದೆ.

"ಅಚ್ಚನ್ನ ಬಿಸಿನೀರಲ್ಲಿ ಎಷ್ಟು ಹೊತ್ತು ಇಟ್ಟಿದ್ದೆ?"

"ಎರಡು ನಿಮಿಷ. ಸಲೀಸಾಗಿ ಬಿಡಲಿ ಅಂತ."

"ಎರಡು ನಿಮಿಷವಾ! ಬೆಚ್ಚಗಿನ ನೀರಲ್ಲಿ ಅದ್ದಿ ಏಳೆಂಟು ಎಣಿಸುವಷ್ಟರಲ್ಲಿ ತೆಗೀಬೇಕು. ಮೀನಿಗೆ ಸ್ನಾನ ಮಾಡಿಸ್ತಾ ಇದ್ಯಾ?"

ಅಂತೂ ಅನಾನಸ್ ಒಂದರದ್ದೇ ತಪ್ಪಲ್ಲ ಅಂತ ಇತ್ಯರ್ಥವಾಯಿತು.

ಗುಂಡನಿಗೆ ಒಂದು ಮೂಲ ಸಂಶಯ ಉಳಿದಿತ್ತು. "ಅಲ್ಲ, ನನ್ನ ತಂಗಿ ಕೂದಲಿಗೆ ಹಚ್ಕೊಳ್ಳೋದೂ ಮೂಸು. ಚಾಕೊಲೇಟಿಂದೂ ಮೂಸು. ಈಗ ಮೀನಿಂದೂ ಮೂಸು. ಮೂಸು ಅಂದ್ರೆ ಏನಪ್ಪಾ?"

"ಫ್ರೆಂಚಲ್ಲಿ ನೊರೆ ಅಂತ," ಎಂದರು ಅಕ್ಕ. "ಆದ್ರೆ ಮೀನಿನ ವಿಷಯದಲ್ಲಿ ಕನ್ನಡದ ಅರ್ಥವೇ ಮೊದಲು. ಮೊದಲು ಮೂಸು, ಆಮೇಲೆ ಮೂಸ್ ಮಾಡು. ಇದರಲ್ಲಿ ಖಾರ ಇಲ್ಲ, ಹುಳಿ ಇಲ್ಲ, ಮಸಾಲೆ ಇಲ್ಲ. ಮೀನು ಒಂಚೂರು ಹಳತಾದರೂ ಮುಚ್ಚಿಡೋಕೆ ಆಗಲ್ಲ. ತಾಜಾ ಮೀನು ಸಮುದ್ರದ ಗಾಳಿ ಥರ ಇರುತ್ತೆ. ಮೀನಿನ ನಾತ ಬಂತು ಅಂದ್ರೆ ಆ ಮೀನು ಬೇಡ."

ನಾನು ಆಗ ಬಾಯಿಬಿಟ್ಟೆ. ಇದು ನನ್ನ ಮೊದಲ ಸೋಲಲ್ಲ. ಮೂರನೆಯದು. ಹೋದ ವಾರ ಬಿಸಿ ಮೂಸ್ ಮಾಡಲು ಹೋಗಿದ್ದೆ. ಬೇಯಿಸಿದ ಮೀನು, ಮೊಟ್ಟೆಯ ಬಿಳಿ, ಕ್ರೀಮ್ ಎಲ್ಲ ಅರೆದು, ಬಟ್ಟಲಿಗೆ ಹಾಕಿ, ಬಿಸಿನೀರಿನ ತಟ್ಟೆಯಲ್ಲಿ ಇಟ್ಟು ಓವನ್ನಿಗೆ ತಳ್ಳಿದ್ದೆ. ಈಚೆ ಬಂದದ್ದು ಒದ್ದೆ ಮರಳು.

"ಬೆಂದ ಮೀನಾ?" ಮೇಷ್ಟ್ರು ನನ್ನನ್ನು ಕರುಣೆಯಿಂದ ನೋಡಿದರು. "ಅಲ್ಲಯ್ಯಾ, ಬೆಂದ ಮೊಟ್ಟೆಯನ್ನ ಪುಡಿ ಮಾಡಿ ಮತ್ತೆ ಬೇಯಿಸಿದ್ರೆ ಕೂಡಿಕೊಳ್ಳುತ್ತಾ? ಹಸಿ ಮೀನಲ್ಲಿ ಮಯೋಸಿನ್ ಅಂತ ಪ್ರೋಟೀನ್ ಇದೆ. ಉಪ್ಪು ಹಾಕಿ ಅರೆದ್ರೆ ಅದು ಹೊರಗೆ ಬಂದು ಅಂಟಂಟಾಗುತ್ತೆ. ಆ ಅಂಟೇ ಕ್ರೀಮನ್ನ ಹಿಡಿದಿಟ್ಕೊಳ್ಳೋದು. ಬೇಯಿಸಿದ ಮೇಲೆ ಆ ಅಂಟು ಎಲ್ಲಿಂದ ಬರಬೇಕು? ತಣ್ಣನೆ ಮೂಸಿಗೆ ಬೆಂದ ಮೀನು, ಹಿಡಿಯೋಕೆ ಜೆಲಟಿನ್. ಬಿಸಿ ಮೂಸಿಗೆ ಹಸಿ ಮೀನು, ಜೆಲಟಿನ್ ಬೇಡ. ನೀನು ಇವಳ ಸೀರೆ ಅವಳಿಗೆ ಉಡಿಸಿದೀಯ."

ಎರಡನೆಯ ಸಲ ಹಸಿ ಮೀನೇ ಹಾಕಿದ್ದೆ. ಆದರೆ ನುಣ್ಣಗಾಗಲಿ ಅಂತ ಮಿಕ್ಸಿಯನ್ನು ನಿಲ್ಲಿಸದೆ ತಿರುಗಿಸಿದೆ. ಜಾರ್ ಮುಟ್ಟಿದರೆ ಬೆಚ್ಚಗಿತ್ತು. ಕ್ರೀಮ್ ಸುರಿದೆ. ಮೊದಲು ಮಿರಮಿರ ಮಿಂಚುತ್ತಿದ್ದದ್ದು ನೋಡನೋಡುತ್ತಿದ್ದಂತೆ ಕಳೆಗುಂದಿತು. ಆಮೇಲೆ ಅಂಚಿನಲ್ಲಿ ಹಳದಿ ಜಿಡ್ಡು, ನಡುವೆ ಕಾಳು ಕಾಳು. ಬೇಯಿಸಿದಾಗ ನೀರು ಒಂದು ಕಡೆ, ಜಿಡ್ಡು ಒಂದು ಕಡೆ, ಮೀನು ಒಂದು ಕಡೆ. ಆಸ್ತಿ ಪಾಲು ಮಾಡಿಕೊಂಡ ಅಣ್ಣತಮ್ಮಂದಿರ ಹಾಗೆ.

"ತಣ್ಣಗಿಡಲಿಲ್ಲ ನೀನು," ಎಂದರು ಅಕ್ಕ. ಇಷ್ಟು ಹೇಳಿ ಎದ್ದು ನೇರ ಅಡುಗೆಮನೆಗೆ ಹೋದರು. ಫ್ರಿಜ್ ತೆಗೆದ ಸದ್ದು. "ಇಲ್ಲಿ ಸಿಗಡಿ ಇದೆಯಲ್ಲೋ. ಮೀನೂ ಕಾಲು ಕಿಲೋ ಇದೆ. ಕ್ರೀಮೂ ಇದೆ. ಬನ್ನಿ ಎಲ್ಲರೂ."

ನಾವು ಮೂವರೂ ಬಾಗಿಲಲ್ಲಿ ಸಾಲಾಗಿ ನಿಂತೆವು. ಅಕ್ಕ ಮಿಕ್ಸಿ ಜಾರನ್ನೇ ಫ್ರೀಜರಿಗೆ ಇಟ್ಟರು. ನಾನು ಮಿಕ್ಸಿಗೆ ಚಳಿ ಹಿಡಿಸುವುದನ್ನು ನೋಡಿದ್ದು ಅದೇ ಮೊದಲು. ಸಿಗಡಿಯ ಬೆನ್ನು ಸೀಳಿ ಕಪ್ಪು ನರ ತೆಗೆದರು. ಮೀನನ್ನು ಒತ್ತಿ ಒತ್ತಿ ಒರೆಸಿದರು. ನೀರು ಉಳಿದರೆ ಮೂಸ್ ಸಡಿಲವಂತೆ. ಬೆರಳ ತುದಿಯಿಂದ ಸವರಿ ನಾಲ್ಕು ಮುಳ್ಳು ಕಿತ್ತರು. ಅಷ್ಟು ಹೊತ್ತಿಗೆ ಜಾರಿನ ಮೇಲೆ ಮಂಜು ಹಿಡಿದಿತ್ತು.

"ಹಿಂದೆಲ್ಲ ಮಿಕ್ಸಿ ಎಲ್ಲಿತ್ತು?" ಮೇಷ್ಟ್ರು ಶುರು ಮಾಡಿದರು. "ಫ್ರಾನ್ಸಿನ ಲಿಯೋನ್ ಊರಲ್ಲಿ ಕೆನೆಲ್ ಅಂತ ಮಾಡ್ತಾರೆ. ಪೈಕ್ ಅನ್ನೋ ಹೊಳೆಮೀನಿಂದು. ಆ ಮೀನಿನ ಮೈಯೆಲ್ಲಾ ಸಣ್ಣ ಮುಳ್ಳು. ಹಾಗೇ ತಿನ್ನೋದು ಕಷ್ಟ. ಅದಕ್ಕೆ ಕಲ್ಲಲ್ಲಿ ಕುಟ್ಟಿ ಕುಟ್ಟಿ, ಜರಡಿ ಮೇಲೆ ಉಜ್ಜಿ ಉಜ್ಜಿ ಇಳಿಸ್ತಿದ್ರು. ಮುಳ್ಳು, ನಾರು ಎಲ್ಲಾ ಮೇಲೆ, ನುಣುಪು ಕೆಳಗೆ. ಕೆನೆಲ್ ಅನ್ನೋ ಮಾತು ಬಂದಿದ್ದು ಜರ್ಮನರ ಕ್ನೋಡೆಲ್‌ನಿಂದ. ಉಂಡೆ ಅಂತ ಅಷ್ಟೇ."

"ಅಷ್ಟು ನಾಜೂಕಿನ ತಿಂಡಿಗೆ ಇಷ್ಟು ಗಾಣದೆತ್ತಿನ ಕೆಲಸವಾ?" ಗುಂಡ ನಿಜಕ್ಕೂ ಬೆಚ್ಚಿದ.

"1973ರಲ್ಲಿ ಅಮೆರಿಕದ ಅಡುಗೆಮನೆಗೆ ಕ್ವಿಸಿನಾರ್ಟ್ ಅನ್ನೋ ಕತ್ತರಿಸಿ ಅರೆಯೋ ಯಂತ್ರ ಬಂತು," ಎಂದರು ಅಕ್ಕ. "ಫ್ರಾನ್ಸಿನ ಹೋಟೆಲುಗಳಲ್ಲಿದ್ದ ಯಂತ್ರವನ್ನೇ ಮನೆಗೆ ಹೊಂದಿಸಿದ್ದು. ಕುಟ್ಟೋದು ತಪ್ತು. ಜರಡಿ ಮಾತ್ರ ಯಾರಿಗೂ ತಪ್ಪಿಲ್ಲ." ಹಾಗೆಂದು ಜರಡಿಯನ್ನು ಗುಂಡನ ಕೈಗೇ ಕೊಟ್ಟರು.

ಮೀನು, ಸಿಗಡಿ, ಅರ್ಧ ಚಮಚ ಉಪ್ಪು ಹಾಕಿ ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿದರು. ಒಂದು ಮೊಟ್ಟೆಯ ಬಿಳಿ ಬಿತ್ತು. ಅದನ್ನು ಗುಂಡ ಜರಡಿಯ ಮೇಲೆ ಚಮಚದ ಬೆನ್ನಿಂದ ಉಜ್ಜುತ್ತಾ ನಿಂತ. ಹಣೆಯಲ್ಲಿ ಬೆವರು. ಕಾಲು ಗಂಟೆ ಉಜ್ಜಿದ ಮೇಲೆ ಜರಡಿಯ ಅಡಿಯಲ್ಲಿ ಒಂದು ಹಿಡಿ ಇಳಿದಿತ್ತು. ಅಕ್ಕ ಅದನ್ನು ಐಸಿನ ಮೇಲಿಟ್ಟ ಬಟ್ಟಲಿಗೆ ಕೆರೆದು, ಫ್ರಿಜ್ಜಿನ ಕ್ರೀಮನ್ನು ಚಮಚ ಚಮಚವಾಗಿ ಸೇರಿಸುತ್ತಾ ಹೋದರು. ಹೆಚ್ಚುಕಮ್ಮಿ ಒಂದು ಲೋಟ. ಮಿಶ್ರಣ 10 ಡಿಗ್ರಿಯ ಆಸುಪಾಸು ದಾಟಬಾರದು ಅಂತ ಮೇಷ್ಟ್ರು ಪಕ್ಕದಿಂದ ಹೇಳುತ್ತಲೇ ಇದ್ದರು. ಅಕ್ಕ ಥರ್ಮಾಮೀಟರ್ ಮುಟ್ಟಲಿಲ್ಲ. ಬಟ್ಟಲಿಗೆ ಕೆನ್ನೆ ತಾಗಿಸಿ ನೋಡಿದರು.

"ಮೆಣಸು?" ಎಂದೆ.

"ಬಿಳಿಮೆಣಸು ಹಾಕು. ಕರಿಮೆಣಸು ಹಾಕಿದ್ರೆ ತಿನ್ನೋರು ಏನು ಬಿದ್ದಿದೆ ಅಂತ ಹುಡುಕ್ತಾರೆ."

ಇನ್ನೊಂದು ಒಲೆಯಲ್ಲಿ ಉಪ್ಪುನೀರು ಕಾಯುತ್ತಿತ್ತು. ಕುದಿಯಲು ಬಿಡಲಿಲ್ಲ. ತಳದಲ್ಲಿ ಸಣ್ಣ ಗುಳ್ಳೆ ಕಾಣಬೇಕು, ಮೇಲೆ ಬಂದು ಒಡೆಯಬಾರದು. 80 ಡಿಗ್ರಿ ಇರುತ್ತೆ ಅಷ್ಟೇ. ಅಕ್ಕ ಎರಡು ಚಮಚ ಬಿಸಿನೀರಲ್ಲಿ ಅದ್ದಿದರು. ಒಂದರಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಮತ್ತೊಂದಕ್ಕೆ ದಾಟಿಸುತ್ತಾ, ಮೂರು ಮಗ್ಗುಲಿನ ಒಂದು ಸಣ್ಣ ಮೊಟ್ಟೆ ಮಾಡಿದರು. ಮೆಲ್ಲನೆ ನೀರಿಗೆ ಜಾರಿಸಿದರು. ಅದು ಮುಳುಗಿತು. ಯಾರೂ ಉಸಿರಾಡಲಿಲ್ಲ. ಕೊಂಚ ಹೊತ್ತಿಗೆ ಮೈ ಬಿಗಿದುಕೊಂಡು ತೇಲಿ ಬಂತು, ಹಾಗೇ ಮಗ್ಗುಲು ಬದಲಿಸಿತು.

"ಮೊದಲು ಒಂದೇ ಹಾಕಿ ನೋಡ್ಬೇಕು," ಎಂದರು ಅಕ್ಕ. "ರಬ್ಬರ್ ಥರ ಇದ್ರೆ ಇನ್ನೊಂಚೂರು ಕ್ರೀಮ್. ಒಡೆದುಹೋದ್ರೆ ಇನ್ನೊಂಚೂರು ಮೊಟ್ಟೆ ಬಿಳಿ. ಉಪ್ಪೂ ಆಗಲೇ ಸರಿ ಮಾಡ್ಬೇಕು. ಪೂರ್ತಿ ಬೇಯಿಸಿದ ಮೇಲೆ ಅತ್ತರೆ ಏನೂ ಪ್ರಯೋಜನ ಇಲ್ಲ. ಎಂಟು ಹತ್ತು ನಿಮಿಷ ಬಿಡು, ಆಯ್ತು. ಯಾರು ರುಚಿ ನೋಡ್ತೀರಿ?"

"ಜರಡಿ ಹಿಡಿದೋನು ನಾನು," ಎಂದ ಗುಂಡ.

ಬಾಯಿಗೆ ಹಾಕಿಕೊಂಡ. ಅಗಿಯುವ ಸದ್ದೇ ಇಲ್ಲ. ಕಣ್ಣು ಮುಚ್ಚಿಕೊಂಡು ಯೋಚಿಸಿದ. "ಗೊತ್ತಾಗ್ಲಿಲ್ಲ. ನಾಲಿಗೆಗೆ ಸಿಗೋದರೊಳಗೆ ಕರಗಿಹೋಯ್ತು. ಇನ್ನೊಂದು ನೋಡ್ಬೇಕು."

ಎರಡನೆಯದಕ್ಕೆ ಉಪ್ಪು ಒಂದು ಚಿಟಿಕೆ ಕಮ್ಮಿ ಎಂದ. ಮೂರನೆಯದಕ್ಕೆ ಉಪ್ಪು ಸರಿಯಾಯಿತು, ಮೆಣಸಿನ ಮೇಲೆ ಸಂಶಯ ಬಂತು. ನಾಲ್ಕನೆಯದನ್ನು ಬರೀ ಹೋಲಿಕೆಗೆ ಅಂತ ತಿಂದ. ಮೇಷ್ಟ್ರು ಪ್ರಯೋಗ ಅಂದ ಮೇಲೆ ಇಬ್ಬರು ಬೇರೆ ಬೇರೆ ಪರೀಕ್ಷೆ ಮಾಡಬೇಕು ಎಂದು ಎರಡು ಇಳಿಸಿದರು. ನಾನು ತಟ್ಟೆ ಜೋಡಿಸಿ, ಮೇಲೆ ಸುರಿಯಲು ಬೆಣ್ಣೆಯ ಸಾಸ್ ಬಿಸಿ ಮಾಡಿ ತರುವಷ್ಟರಲ್ಲಿ ಬಟ್ಟಲು ಖಾಲಿ. ಅಕ್ಕ ಮಾತ್ರ ಸೆರಗಿನ ಮರೆಯಿಂದ ಒಂದು ಚಮಚ ಚಾಚಿದರು. ಅದರಲ್ಲಿ ನನಗಾಗಿ ಉಳಿಸಿದ್ದ ಅರ್ಧ ಕೆನೆಲ್ ಇತ್ತು.

ತಿಂದೆ. ಗುಂಡ ಹೇಳಿದ್ದು ನಿಜ. ಗೊತ್ತಾಗಲೇ ಇಲ್ಲ.

"ಮತ್ತೆ ಈ ಕೆರೆ ಏನು ಮಾಡೋದು?" ಎಂದು ಗುಂಡ ನನ್ನ ಹಳೆಯ ತಟ್ಟೆ ಎತ್ತಿದ. ನಾನು ಬಾಯಿ ತೆರೆಯುವ ಮೊದಲೇ ಬ್ರೆಡ್ ಅದ್ದಿ ಒಂದು ತುತ್ತು ತಿಂದ. ಇನ್ನೊಂದು ತುತ್ತು. "ಲೋ, ಇದು ಸಾಸ್ ಅಂತ ಹೇಳಿದ್ದಿದ್ರೆ ನಾವು ಯಾರೂ ಬೈತಿರಲಿಲ್ಲವಲ್ಲೋ!"

ಕೊನೆಗೆ ಆಲಿವ್ ಕಣ್ಣು ಒಂದೇ ಉಳಿಯಿತು. ಅದನ್ನು ಯಾರೂ ಮುಟ್ಟಲಿಲ್ಲ.